ಸೋದರಮಾವನ ಚಪ್ಪಡಿ

ನಾನು ಕಲ್ಲು ಒಡೆಯುವ ಕೆಲಸ ಮಾಡುತ್ತೇನೆ. ಈ ವಿಷಯವನ್ನು ನಮ್ಮ ಅತ್ತೆ ಬಹಳ ದಿನ ಊರಿನಿಂದ ಮುಚ್ಚಿಟ್ಟಿದ್ದರು.

ಅವರ ಸಂಕಟ ನನಗೆ ಅರ್ಥವಾಗುತ್ತದೆ. ಬೂದಿಕೋಟೆ ರಸ್ತೆಯ ಪಕ್ಕ ಜಲ್ಲಿ ಒಡೆಯುವ ಹೆಂಗಸರು ತಲೆಗೆ ಬಟ್ಟೆ ಸುತ್ತಿಕೊಂಡು ಸಾಲಾಗಿ ಕೂತಿರುತ್ತಾರೆ. ಬಿ.ಎಸ್ಸಿ. ಓದಿದ ಸೊಸೆಯನ್ನು ತಂದು ಅದೇ ಕೆಲಸಕ್ಕೆ ಕಳಿಸುತ್ತಿದ್ದಾರೆ ಅಂದರೆ ನಾಲ್ಕು ಜನ ಏನನ್ನುತ್ತಾರೆ? "ಕೆಜಿಎಫ್‌ನಾಗೆ ಆಫೀಸ್ ಕೆಲ್ಸ" ಎಂದು ಮುಗಿಸಿಬಿಡುತ್ತಿದ್ದರು. "ಆಫೀಸ್ನಾಗೆ ಏನ್ ಮಾಡ್ತಾಳೆ?" ಎಂದು ಯಾರಾದರೂ ಬಿಡದೆ ಹಿಂದೆ ಬಿದ್ದರೆ "ಬರೀತಾಳೆ" ಅನ್ನುತ್ತಿದ್ದರು. (ಸುಳ್ಳೇನಲ್ಲ. ಒಡೆದ ಮೇಲೆ ಬರೆಯುತ್ತೇನೆ.)

ಈ ಅಂಕಣ ಓದುವ ನಿಮಗೆ ನನ್ನ ನೌಕರಿ ಗೊತ್ತು. ಆದರೆ ಏನನ್ನು ಒಡೆಯುತ್ತೇನೆ, ಹೇಗೆ ಒಡೆಯುತ್ತೇನೆ ಎಂದು ನಿಮ್ಮಲ್ಲಿ ಒಬ್ಬರೂ ಇದುವರೆಗೆ ಕೇಳಿಲ್ಲ. ಕೇಳದಿದ್ದರೂ ಇವತ್ತು ಹೇಳುತ್ತೇನೆ. ಕಳೆದ ಭಾನುವಾರ ನಮ್ಮ ಮನೆಯಲ್ಲಿ ನಡೆದ ರಾದ್ಧಾಂತಕ್ಕೆಲ್ಲ ಅದೇ ಮೂಲ.

ಯಾವ ಬಂಡೆ ಎಷ್ಟು ತಾಳುತ್ತದೆ ಎಂದು ಪರೀಕ್ಷೆ ಮಾಡುವ ಪ್ರಯೋಗಾಲಯ ನಮ್ಮದು. ನಂದಿದುರ್ಗದ ಕಡೆಯಿಂದ ಬರುತ್ತದೆ, ಇನ್ನೆಲ್ಲಿಂದಲೋ ಬರುತ್ತದೆ, ಒಟ್ಟಿನಲ್ಲಿ ದಿನಾ ಕಲ್ಲು ಬರುತ್ತದೆ. ಅದರಿಂದ ದುಂಡನೆಯ ಬಿಲ್ಲೆ ಕೊಯ್ಯುತ್ತೇವೆ. ಚಿಕ್ಕ ನಿಪ್ಪಟ್ಟಿನಷ್ಟು ಅಗಲ, ಒಂದೂವರೆ ಬೆರಳು ದಪ್ಪ. ಅದನ್ನು ಮಿಷನ್ನಿನಲ್ಲಿ ಮಲಗಿಸುವುದಿಲ್ಲ, ಚಕ್ರದ ಹಾಗೆ ನಿಲ್ಲಿಸುತ್ತೇವೆ. ಮೇಲೊಂದು ಉಕ್ಕಿನ ದವಡೆ, ಕೆಳಗೊಂದು. ಮೆಲ್ಲಗೆ ಒತ್ತುತ್ತಾ ಹೋಗುತ್ತೇವೆ. ಒಂದು ಹೊತ್ತಿಗೆ ಟಪ್ ಅನ್ನುತ್ತದೆ. ಬಿಲ್ಲೆ ಮೇಲಿನಿಂದ ಕೆಳಕ್ಕೆ ನೆಟ್ಟಗೆ ಸೀಳಿ, ಆ ಕಡೆ ಒಂದು ಹೋಳು, ಈ ಕಡೆ ಒಂದು ಹೋಳು ಬೀಳುತ್ತದೆ.

ಇದರಲ್ಲಿ ತಮಾಷೆ ಏನು ಗೊತ್ತಾ? ನಾವು ಒತ್ತಿದ್ದು ಮೇಲಿನಿಂದ. ಕಲ್ಲು ಒಡೆದದ್ದು ಮಾತ್ರ ಅಕ್ಕಪಕ್ಕಕ್ಕೆ ಎಳೆಸಿಕೊಂಡು. ಕಲ್ಲಿಗೆ ಒತ್ತಡ ಅಂದರೆ ಲೆಕ್ಕಕ್ಕಿಲ್ಲ, ಗುಡ್ಡ ಹೊರಿಸಿದರೂ ಹೊರುತ್ತದೆ. ಎಳೆತ ಅಂದರೆ ಆಗದು. ಬೇಗ ಪ್ರಾಣ ಬಿಡುತ್ತದೆ.

ಹಾಗಾದರೆ ನೇರವಾಗಿ ಹಿಡಿದು ಎಳೆದೇ ನೋಡಬಾರದಾ ಎಂದು ಕೇಳುತ್ತೀರಿ. (ಕೇಳಿದಿರಿ ಎಂದು ಇಟ್ಟುಕೊಳ್ಳೋಣ.) ಕಲ್ಲನ್ನು ಹಿಡಿಯುವುದು ಹೇಗೆ ಸ್ವಾಮಿ? ಹಗ್ಗ ಕಟ್ಟುತ್ತೀರಾ? ಇಕ್ಕಳದಲ್ಲಿ ಕಚ್ಚಿಸಿದರೆ ಕಚ್ಚಿದ ಜಾಗವೇ ಮೊದಲು ಪುಡಿಯಾಗುತ್ತದೆ. ಅಂಟು ಹಾಕಿ ಎಳೆದರೆ ಕೂದಲೆಳೆಯಷ್ಟು ಓರೆಯಾದರೂ ಲೆಕ್ಕ ಕೆಡುತ್ತದೆ. ಅದಕ್ಕೇ ಈ ಬಳಸು ದಾರಿ. ಇದರಿಂದ ಸಿಗುವ ಉತ್ತರಕ್ಕೆ ಇನ್‌ಡೈರೆಕ್ಟ್ ಟೆನ್ಸೈಲ್ ಸ್ಟ್ರೆಂತ್ ಎಂಬ ಉದ್ದನೆಯ ಹೆಸರಿದೆ. ಸೂತ್ರವೂ ಇದೆ. ಬರೆದರೆ ಸಂಪಾದಕರು ಅಂಕಣ ನಿಲ್ಲಿಸುತ್ತಾರೆ ಎಂದು ಬಿಡುತ್ತಿದ್ದೇನೆ. ಕನ್ನಡದಲ್ಲಿ ಹೇಳಬೇಕೆಂದರೆ, ಸುತ್ತಿ ಬಳಸಿ ಕೇಳಿ ನಿಜ ತಿಳಿದುಕೊಳ್ಳುವುದು.

ಆ ವಿದ್ಯೆಯಲ್ಲಿ ನಮ್ಮ ಮನೆಯವರು ನನಗಿಂತ ಮುಂದೆ. ನನಗೆ ಏನಾದರೂ ವಿಶೇಷ ಇದೆಯಾ ಎಂದು ಅತ್ತೆ ಒಂದು ದಿನವೂ ಕೇಳಿದವರಲ್ಲ. "ಮಾವಿನಕಾಯಿ ತರುಸ್ಲಾ?" ಅನ್ನುತ್ತಿದ್ದರು. ನಾನು ಬೇಡ ಅಂದರೆ ಒಂದು ಉಸಿರು ಬಿಟ್ಟು ಒಳಗೆ ಹೋಗುತ್ತಿದ್ದರು. ಪರೀಕ್ಷೆ ಮುಗಿಯಿತು, ರಿಸಲ್ಟ್ ಬಂತು.

ಈಗ ವಿಷಯಕ್ಕೆ ಬರುತ್ತೇನೆ.

ನಮ್ಮ ಅತ್ತೆಗೆ ಒಬ್ಬ ಅಣ್ಣ. ಮುನಿವೆಂಕಟಪ್ಪ ಎಂದು ಹೆಸರು. ಕ್ಯಾಸಂಬಳ್ಳಿ ಕಡೆ ಹೊಲ, ಹಸು, ಜೊತೆಗೆ ಚಪ್ಪಡಿ ಎಬ್ಬಿಸುವ ಒಂದು ಬಂಡೆ. ದೊಡ್ಡ ಗಂಟಲು, ಧಾರಾಳ ಕೈ. ನಮ್ಮ ಮಾವನವರು ತೀರಿಕೊಂಡ ಮೇಲೆ ಈ ಮನೆಗೆ ಹಿರಿಯರು ಅಂದರೆ ಅವರೇ. ನನ್ನ ಮದುವೆಯಲ್ಲಿ ಗಂಡಿನ ಕಡೆಯಿಂದ ಮಾತಾಡಿದವರು ಅವರು. ನಮ್ಮ ಸೀಮೆಹಸು ಸತ್ತಾಗ ಕೇಳದೆಯೇ ಒಂದು ಹಸು ಕಳಿಸಿದವರೂ ಅವರೇ. ಅವರ ಮಾತಿಗೆ ನಮ್ಮ ಮನೆಯಲ್ಲಿ ಎದುರಿಲ್ಲ.

ಅತ್ತೆ ಮನೆಯ ಪಕ್ಕಕ್ಕೆ ಒಂದು ಕೋಣೆ ಕಟ್ಟಿಸಲು ಶುರು ಮಾಡಿದರು. ನಮ್ಮ ಕಡೆ ಸೂರಿಗೆ ಕಲ್ಲಿನ ಚಪ್ಪಡಿಯೇ. ಗೋಡೆಯಿಂದ ಗೋಡೆಗೆ ಉದ್ದನೆಯ ಚಪ್ಪಡಿಗಳನ್ನು ಒಂದರ ಪಕ್ಕ ಒಂದು ಮಲಗಿಸಿ ಸಂದಿಗೆ ಗಾರೆ ತುಂಬುತ್ತಾರೆ. ಗೋಡೆ ಎದ್ದಿತು ಅನ್ನುವಷ್ಟರಲ್ಲಿ ಮುನಿವೆಂಕಟಪ್ಪನವರು ಬಂದರು. "ಕಲ್ಲು ನಂದು. ನೀನು ಯೋಚ್ನೆ ಮಾಡ್ಬ್ಯಾಡ" ಅಂದರು. ಅತ್ತೆಗೆ ಕಣ್ಣಲ್ಲಿ ನೀರು.

ಆ ಚಪ್ಪಡಿಯ ಹಿಂದೆ ಇನ್ನೊಂದು ಸಂಗತಿ ಇತ್ತು. ಅವರ ಮಗ ಸೀನ. ನಮ್ಮ ನಾದಿನಿ ರತ್ನ. ಚಪ್ಪಡಿ ಹೊದಿಸಿದ ದಿನವೇ, ಹೊಸ ಕೋಣೆಯಲ್ಲೇ ತಾಂಬೂಲ ಬದಲಾಯಿಸಿಕೊಂಡು ಮಾತು ಗಟ್ಟಿ ಮಾಡುವುದು ಎಂದು ಅಣ್ಣ ತಂಗಿ ತೀರ್ಮಾನ ಮಾಡಿಕೊಂಡರು. ನಮ್ಮಲ್ಲಿ ಸೋದರಮಾವನ ಮನೆಗೆ ಹೆಣ್ಣು ಕೊಡುವುದು ಹೊಸದಲ್ಲ. ಹುಡುಗ ಬೆಳಿಗ್ಗೆ ಸಂಜೆ ಮೊಪೆಡ್ಡಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುತ್ತಾನೆ, ಮಿಕ್ಕ ಹೊತ್ತು ಹೊಲ. ಮಾತು ಕಡಿಮೆ. ಕೆಟ್ಟವನು ಎಂದು ಯಾರೂ ಹೇಳಿದ್ದಿಲ್ಲ.

ರತ್ನಳನ್ನು ಕೇಳಿದರಾ? ಕೇಳದೆ ಏನು, ಕೇಳಿದರು. "ಕ್ಯಾಸಂಬಳ್ಳಿ ನೀರು ಸೀಯಾಗೈತೆ, ಅಲ್ವೇನೇ?" ಅಂದರು ಅತ್ತೆ. ರತ್ನ ರಾಗಿ ಬೀಸುತ್ತಾ "ಊಂ" ಅಂದಳು. ಹೆಣ್ಣು ಒಪ್ಪಿದೆ ಎಂದು ಕ್ಯಾಸಂಬಳ್ಳಿಗೆ ಸುದ್ದಿ ಹೋಯಿತು.

ಇಷ್ಟರಲ್ಲಿ ಮುನಿವೆಂಕಟಪ್ಪನವರಿಗೆ ಒಂದು ಹುಮ್ಮಸ್ಸು ಬಂತು. ಒಂದು ಶನಿವಾರ ನಮ್ಮ ಪ್ರಯೋಗಾಲಯಕ್ಕೇ ಬಂದುಬಿಟ್ಟರು, ಕೈಯಲ್ಲಿ ಗೋಣಿಚೀಲ. ಅದರಲ್ಲಿ ನಮಗೆ ಕೊಡಲಿರುವ ಚಪ್ಪಡಿಯ ಮುರಿದ ಮೂಲೆ.

"ಒಡಿ ತಾಯಿ ಇದನ್ನ. ನಿನ್ ಮಿಷನ್ನೇ ಒಡ್ದೋಗ್ಬೇಕು, ಅಂಥ ಕಲ್ಲು."

ನಮ್ಮ ಸಾಹೇಬರು ಒಳ್ಳೆಯವರು. ಶನಿವಾರ ಮಧ್ಯಾಹ್ನ ಕೆಲಸವೂ ಇರಲಿಲ್ಲ. ಒಡೆಯಿರಿ ಅಂದರು. ಮಿಷನ್ ನಡೆಸುವ ಸೆಲ್ವರಾಜ್ ಕಲ್ಲು ಕೊಯ್ದ.

ಮೊದಲು ಒಂದು ತುಂಡನ್ನು ಸುಮ್ಮನೆ ಮೇಲಿನಿಂದ ಒತ್ತಿದೆವು. ಮುಳ್ಳು ಏರಿತು, ಏರಿತು, ಏರುತ್ತಲೇ ಹೋಯಿತು. ಮುನಿವೆಂಕಟಪ್ಪನವರು ಮೀಸೆ ಮೇಲೆ ಕೈ ಆಡಿಸಿದರು. ಸಾಹೇಬರು ತಲೆದೂಗಿದರು. ಒತ್ತಿದರೆ ಎಷ್ಟು ತಾಳುತ್ತದೋ ಅದರ ಹತ್ತರಲ್ಲಿ ಒಂದು ಪಾಲು ಎಳೆದರೆ ತಾಳುತ್ತದೆ ಎಂದು ಒಂದು ಅಂದಾಜಿನ ಲೆಕ್ಕ ಇದೆ. ಸುತ್ತಿಗೆಯಿಂದ ತಟ್ಟಿ ಅದು ಎಷ್ಟು ಪುಟಿಯುತ್ತದೆ ಎಂದು ನೋಡಿ ಹೇಳುವುದೂ ಉಂಟು. ಸಾಹೇಬರು ಎರಡನ್ನೂ ಮಾಡಿ ಒಂದು ಅಂಕಿ ಹೇಳಿದರು. ಸೆಲ್ವರಾಜ್ ಅದಕ್ಕಿಂತ ಜಾಸ್ತಿ ಹೇಳಿದ. ಸೋತವರು ವಡೆ ಕೊಡಿಸಬೇಕು ಎಂದಾಯಿತು. (ಸರ್ಕಾರಿ ವೇಳೆಯಲ್ಲ, ಗಮನಿಸಿ.)

ಆಮೇಲೆ ಬಿಲ್ಲೆಯನ್ನು ನಿಲ್ಲಿಸಿ ಒತ್ತಿದೆವು.

ಮುಳ್ಳು ಇನ್ನೂ ಮೈ ಮುರಿಯುತ್ತಿತ್ತು. ಟಪ್.

ಸಾಹೇಬರು ಹೇಳಿದ್ದರ ಅರ್ಧಕ್ಕೂ ಬಂದಿರಲಿಲ್ಲ. ಇನ್ನೊಂದು ಒಡೆದೆವು. ಮತ್ತೊಂದು. ಎಲ್ಲವೂ ಅದೇ ಹಾಡು. ಹೋಳನ್ನು ಕೈಗೆ ತೆಗೆದುಕೊಂಡು ನೋಡಿದರೆ ಮುರಿದ ಮುಖದ ತುಂಬ ಕಂದು ಬಣ್ಣದ ಒಂದು ಎಳೆ. ಬಂಡೆಯ ಮೇಲು ಪದರದಲ್ಲಿ ನೀರು ಇಳಿದು ಇಳಿದು ಸಡಿಲವಾದ ಕಲ್ಲು ಅದು. ಒತ್ತಿದಾಗ ಆ ಎಳೆ ಮುಚ್ಚಿಕೊಂಡು ಕೂತಿರುತ್ತದೆ, ಗಟ್ಟಿ ಕಲ್ಲಿನ ಹಾಗೇ ನಟಿಸುತ್ತದೆ. ಎಳೆದಾಗ ಬಾಯಿ ಬಿಡುತ್ತದೆ. ಅಂದಾಜಿನ ಲೆಕ್ಕಕ್ಕೆ ಇದೆಲ್ಲ ಎಲ್ಲಿ ಗೊತ್ತಾಗಬೇಕು? ಸಾಹೇಬರೂ ಸೋತರು, ಸೆಲ್ವರಾಜನೂ ಸೋತ. ವಡೆ ಯಾರಿಗೂ ಸಿಗಲಿಲ್ಲ.

"ಮೇಡಂ, ಇದು ತೇರಾದು" ಅಂದ ಸೆಲ್ವರಾಜ್ ಮೆಲ್ಲಗೆ. ತಮಿಳಿನಲ್ಲಿ ಪಾಸಾಗಲ್ಲ ಎಂದು ಅದರ ಅರ್ಥ. ಕೆಜಿಎಫ್ ಸುತ್ತಮುತ್ತ ವ್ಯವಹಾರ ಮಾಡುವವರಿಗೆ ಕನ್ನಡ, ತಮಿಳು, ತೆಲುಗು ಮೂರೂ ಬರುತ್ತವೆ. ಬೇಡವಾದ ಸಮಯದಲ್ಲಿ ಒಂದೂ ಬರುವುದಿಲ್ಲ. ಮುನಿವೆಂಕಟಪ್ಪನವರು ಕೇಳಿಸಿಕೊಳ್ಳಲಿಲ್ಲ.

"ನಿಲ್ಸಿ ಒಡುದ್ರೆ ಯಾವ್ ಕಲ್ಲಾದ್ರೂ ಒಡೀತದೆ ತಾಯಿ" ಅಂದರು. "ಚಪ್ಪಡಿ ಏನು ಗೋಡೆ ಮ್ಯಾಲೆ ನಿಂತ್ಕಂಡಿರ್ತದಾ? ಮಲ್ಗಿರ್ತದೆ. ಮಲ್ಗಿರಾಕೆ ಏನ್ ಕಷ್ಟ?"

ನಾನು ವಿವರಿಸಿದೆ. ಚಪ್ಪಡಿ ಎರಡು ಗೋಡೆಗಳ ಮಧ್ಯೆ ಮಲಗಿರುತ್ತದೆ. ಮೇಲೆ ಭಾರ ಬಿದ್ದರೆ ಅದರ ಬೆನ್ನು ಒತ್ತಿಕೊಳ್ಳುತ್ತದೆ, ಹೊಟ್ಟೆ ಎಳೆಸಿಕೊಳ್ಳುತ್ತದೆ. ಬಿರುಕು ಬರುವುದು ಹೊಟ್ಟೆಯ ಕಡೆಯಿಂದ. ಈ ಬಿಲ್ಲೆಯಲ್ಲಿ ನಾವು ನೋಡಿದ್ದು ಆ ಹೊಟ್ಟೆಯ ಶಕ್ತಿಯನ್ನು.

"ಕಲ್ಲಿಗೆ ಒಟ್ಟೆ ಯಾವ್ದಮ್ಮಾ?" ಎಂದು ಅವರು ಗಟ್ಟಿಯಾಗಿ ನಕ್ಕರು. ಸೆಲ್ವರಾಜನೂ ನಕ್ಕ. ನಗು ನಿಂತ ಮೇಲೆ ಅವರು ಒಂದು ಹೋಳನ್ನು ತೆಗೆದುಕೊಂಡು, ಮುರಿದ ಮುಖದ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಚೀಲ ಮಡಚಿಕೊಂಡು ಕ್ಯಾಸಂಬಳ್ಳಿ ಬಸ್ಸು ಹಿಡಿದು ಹೊರಟರು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಕಲ್ಲು ಚೆನ್ನಾಗಿಲ್ಲ ಅತ್ತೆ, ಬೇಡ.

"ಬ್ಯಾಡ ಅಂದ್ರೆ?"

"ಬೇಡ ಅಂತ ಅವರಿಗೆ ಹೇಳಿಬಿಡಿ."

"ಅಣ್ಣಯ್ಯನ್ಗೆ? ನಾನು? ಎಂಗೇಳ್ಲೇ?" ಅತ್ತೆ ಹೆದರಿಬಿಟ್ಟರು. "ಕಲ್ಲು ಬ್ಯಾಡ ಅಂದ್ರೆ ಸಂಬಂದಾನೇ ಬ್ಯಾಡ ಅಂದಂಗೆ. ನಾಳಿಂದ ನನ್ಗೆ ತವ್ರು ಅಂತ ಯಾರವ್ರೆ?"

ಅವರು ಹೇಳಿದ್ದು ಸುಳ್ಳಲ್ಲ. ಕಲ್ಲು ವಾಪಸ್ ಹೋದರೆ ಮದುವೆ ಮಾತು ವಾಪಸ್ ಹೋಗುತ್ತದೆ, ಅದರ ಜೊತೆಗೆ ಅಣ್ಣನೂ ಹೋಗುತ್ತಾರೆ. ಕಲ್ಲು ಇಟ್ಟುಕೊಂಡರೆ ಅದರ ಕೆಳಗೆ ಮಲಗುವವರು ನಾವು. ನಮ್ಮ ಯಜಮಾನರಿಗೆ ಹೇಳಿದೆ. ಅವರದು ಬಂಗಾರಪೇಟೆಯಲ್ಲಿ ಗೊಬ್ಬರದ ಅಂಗಡಿ, ಎಲ್ಲ ಗಿರಾಕಿಗಳಿಗೂ ಹೌದು ಎಂದೇ ಅಭ್ಯಾಸ. "ನಿಮ್ಮ ಮಿಷನ್ನೇ ಸರಿ ಇಲ್ಲದಿದ್ದರೆ?" ಎಂದು ನನ್ನನ್ನೇ ಕೇಳಿದರು. ನಾನು ಅವತ್ತು ಅವರಿಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ಮನೆಯವರೆಲ್ಲ ಸೇರಿ ಒಂದು ಉಪಾಯಕ್ಕೆ ಬಂದೆವು. ಬೇಡ ಎನ್ನಬಾರದು, ಆದರೆ ಕಲ್ಲು ಬರಬಾರದು. ನೀವು ಇಂಥ ಉಪಾಯ ಮಾಡಿಲ್ಲವಾ? ಬೇಡದ ಕರೆಯೋಲೆಗೆ ಜ್ವರ ಬರಿಸಿಕೊಂಡಿಲ್ಲವಾ?

ಮೊದಲು ಯಜಮಾನರು. "ಈಗೆಲ್ಲ ಆರ್‌ಸಿಸಿ ಹಾಕಿಸ್ತಾರೆ ಮಾವ, ನೋಡೋಕೂ ಚಂದ" ಅಂದರು. ಮುನಿವೆಂಕಟಪ್ಪನವರು ಕೈ ಒದರಿದರು. "ಬ್ಯಾಸ್ಗೇನಾಗೆ ಒಲೆ ಮ್ಯಾಲೆ ಕುಂತಂಗಿರ್ತದೆ ಕಣ್ಲಾ. ಕಲ್ಲು ತಂಪು." ಅಲ್ಲಿಗೆ ಅದು ಮುಗಿಯಿತು.

ಆಮೇಲೆ ಅತ್ತೆ. ಜೋಯಿಸರು ಹೇಳಿದ್ದಾರೆ, ನಿಮ್ಮ ಊರಿನ ದಿಕ್ಕಿನಿಂದ ಈ ವರ್ಷ ನಮ್ಮ ಮನೆಗೆ ಕಲ್ಲು ಬರಬಾರದಂತೆ ಎಂದರು. ಇದಕ್ಕೆ ಅವರ ಹತ್ತಿರ ಉತ್ತರ ಇರಲಾರದು ಎಂದು ನಮಗೆಲ್ಲ ಧೈರ್ಯ. ಅವರು ಯೋಚಿಸಿ, "ಏಮೀ ಕಾದಮ್ಮಾ" ಅಂದರು. ಅವರು ತೆಲುಗಿನಲ್ಲಿ ಏನೂ ಆಗಲ್ಲ ಅಂದರೆ ಆಗಿಯೇ ತೀರುತ್ತದೆ ಎಂದು ಅರ್ಥ. ಎರಡು ದಿನ ಬಿಟ್ಟು ಚಪ್ಪಡಿ ತುಂಬಿದ ಲಾರಿ ಬಂತು. ನಮ್ಮೂರನ್ನು ದಾಟಿಕೊಂಡು ಮುಂದಕ್ಕೆ ಹೋಗಿ, ದೊಡ್ಡದೊಂದು ಸುತ್ತು ಹಾಕಿ, ಊರಿನ ಇನ್ನೊಂದು ಕಡೆಯಿಂದ ಒಳಗೆ ಬಂತು. ದಿಕ್ಕು ಸರಿಯಾಯಿತು. ಡ್ರೈವರು ಮಾತ್ರ ಡೀಸೆಲ್ಲಿಗೆ ಬೈದುಕೊಳ್ಳುತ್ತಿದ್ದ.

ಬಂದ ಕಲ್ಲನ್ನು ಗಾರೆ ಮೇಸ್ತ್ರಿ ಗೋಡೆಗೆ ಏರಿಸಿದ. ಎಲ್ಲಕ್ಕಿಂತ ಉದ್ದನೆಯದು ಕೋಣೆಯ ನಡುಮಧ್ಯಕ್ಕೆ ಬಂತು. ಅದರ ಹೊಟ್ಟೆಯಲ್ಲಿ ಕಂದು ಎಳೆ ಕಣ್ಣಿಗೇ ಕಾಣುತ್ತಿತ್ತು. ಮೇಸ್ತ್ರಿಗೆ ತೋರಿಸಿದೆ.

"ಕಲ್ ಕೊಟ್ಟೋರು ಅವ್ರು ಅಕ್ಕ, ಇಡ್ಸ್ಕೊಂಡೋರು ನೀವು" ಅಂದ. "ನಾನು ಎತ್ತಿಡೋನು."

ನಾನು ಮನೆಯಲ್ಲಿ ಮತ್ತೆ ಹೇಳಿದೆ, ಮತ್ತೆ ಮತ್ತೆ ಹೇಳಿದೆ. ಅತ್ತೆ ದೇವರಿಗೆ ಮುಡಿಪು ಕಟ್ಟಿದರು. ರತ್ನ ಒಬ್ಬಳು ಮಾತ್ರ ಒಂದು ದಿನ ಹತ್ತಿರ ಬಂದು, ಬಿಲ್ಲೆ ಹೇಗೆ ಒಡೆಯಿತು, ತನ್ನ ಮಾವ ಆಗ ಏನು ಮಾಡಿದರು ಎಂದು ಬಿಡಿಸಿ ಬಿಡಿಸಿ ಕೇಳಿದಳು. ಹೆಬ್ಬೆರಳು ಆಡಿಸಿದ್ದನ್ನೂ ಹೇಳಿದೆ. "ಸರಿ" ಎಂದು ಎದ್ದು ಹೋದಳು.

ಭಾನುವಾರ ಬಂತು. ಚಪ್ಪರ, ಹೋಳಿಗೆ, ನೆಂಟರು. ಬಂಗಾರಪೇಟೆಯಿಂದ ಒಬ್ಬ ಫೋಟೋಗ್ರಾಫರ್. ಒಂದು ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ರವಿಕೆ ಕಣ ಸಿದ್ಧವಾಗಿತ್ತು. ಊಟವಾದ ಮೇಲೆ ತಾಂಬೂಲ.

ಅತ್ತೆಯ ತವರಿನಲ್ಲಿ ಒಂದು ಪದ್ಧತಿ ಇದೆ. ಹೊಸ ಚಪ್ಪಡಿಯ ಕೆಳಗೆ ಮೊದಲನೇ ಎಲೆ ಕಲ್ಲು ಕೊಟ್ಟವನಿಗೆ. ಅವನು ನಡುಮಧ್ಯ ಕೂತು ಉಂಡೆದ್ದ ಮೇಲೆ ಮಿಕ್ಕವರ ಪಂಕ್ತಿ. ಇಷ್ಟು ದಿನ ಇದನ್ನು ಮರ್ಯಾದೆ ಅಂದುಕೊಂಡಿದ್ದೆವು. ಯಾರೋ ಬುದ್ಧಿವಂತ ಹಿರಿಯರು ಬೇರೆ ಏನನ್ನೋ ನೋಡುವುದಕ್ಕೆಂದು ಮಾಡಿಟ್ಟಿರಬೇಕು ಎಂದು ಈಗ ಅನ್ನಿಸುತ್ತಿದೆ.

ಮುನಿವೆಂಕಟಪ್ಪನವರು ಹೊಸ ಪಂಚೆ ಉಟ್ಟು ಕೋಣೆಯ ನಡುವೆ, ಆ ಉದ್ದನೆಯ ಚಪ್ಪಡಿಯ ಕೆಳಗೆ ಕೂತರು. ಮುತ್ತುಗದ ಎಲೆ ಹಾಕಿದೆವು. ರತ್ನ ಬಡಿಸಲು ನಿಂತಳು. ಸೊಸೆಯಾಗುವವಳು ಬಡಿಸಬೇಕು ಎಂದು ಅತ್ತೆಯ ಆಸೆ. ನಾನು ಬಾಗಿಲಲ್ಲಿ ನಿಂತಿದ್ದೆ.

ಆಗ ಹೊರಗೆ ಫೋಟೋಗ್ರಾಫರನಿಗೆ ಒಂದು ಐಡಿಯಾ ಬಂತು. ಹೊಸ ಸೂರು ಕಾಣಬೇಕು, ನೆಂಟರೂ ಕಾಣಬೇಕು. "ಎಲ್ಲಾ ಮ್ಯಾಲತ್ತಿ!" ಅಂದ. ಹತ್ತಿಬಿಟ್ಟರು! ಏಣಿ ಹಾಕಿಕೊಂಡು ಮಕ್ಕಳು, ಮುದುಕಿಯರು, ರೇಷ್ಮೆ ಸೀರೆಯವರು, ಎಲ್ಲರೂ. ಮದುವೆ ಗಂಡು ಎಂದು ಕೂಗಿ ಕರೆದು ಸೀನನನ್ನು ನಡುಮಧ್ಯ ನಿಲ್ಲಿಸಿದ. ನಾನು ಓಡಿ ಹೋಗಿ "ಇಳೀರಿ, ಇಳೀರಿ, ಅಲ್ಲಿ ನಿಲ್ಲಬೇಡಿ" ಎಂದು ಕೂಗಿದೆ. "ನೀವೂ ಬನ್ನಿ ಮೇಡಂ, ನಾಚ್ಕೊಂಡ್ರೆ ಎಂಗೆ!" ಅಂದರು ಮೇಲಿನಿಂದ. ಯಜಮಾನರು ನನ್ನ ತೋಳು ಹಿಡಿದು "ಸುಮ್ನಿರೆ, ಶುಭಕಾರ್ಯ" ಅಂದರು.

ಆ ಚಪ್ಪಡಿ ತನ್ನ ಭಾರವನ್ನು ತಾನು ಹೊರುತ್ತದೆ ಎಂದು ಗೊತ್ತಿತ್ತು. ಅದರ ಮೇಲೆ ಒಂದು ನೆಂಟರ ಗುಂಪು ನಿಂತರೆ? ಹಿಂದಿನ ವಾರವಿಡೀ ಲೆಕ್ಕ ಹಾಕಿದ್ದೆ. ಒಂದು ಸಲ ತಾಳುತ್ತದೆ ಎಂದು ಬರುತ್ತಿತ್ತು, ಇನ್ನೊಂದು ಸಲ ಇಲ್ಲ ಎಂದು. ಅಂದಾಜು ಅಂದರೆ ಇಷ್ಟೇ ನೋಡಿ. ಕಾಗದದ ಮೇಲೆ ಅದು ಬರೀ ಲೆಕ್ಕ, ಮೇಲೆ ನಿಂತವರಿಗೆ ಪ್ರಾಣ.

ವಾಪಸ್ ಬಾಗಿಲಿಗೆ ಬಂದೆ. ಒಳಗೆ ಮುನಿವೆಂಕಟಪ್ಪನವರು ಹೋಳಿಗೆ ಮುರಿಯುತ್ತಿದ್ದರು. ತಲೆಯ ಮೇಲೆ ಧಪಧಪ ಹೆಜ್ಜೆ. ಸಂದಿಯಿಂದ ಒಣ ಗಾರೆಯ ಪುಡಿ ಒಂದು ಚಿಟಿಕೆ ಅವರ ಎಲೆಯ ತುದಿಗೆ ಉದುರಿತು. ಅವರು ಮೇಲೆ ನೋಡಿದರು. ಕಂದು ಎಳೆಯನ್ನು ನೋಡಿದರು. ಆಮೇಲೆ ಏನೂ ಆಗದವರ ಹಾಗೆ ಎಡಗೈಯಿಂದ ಎಲೆಯ ಅಂಚು ಹಿಡಿದು, ಕೂತಲ್ಲಿಂದಲೇ ಸರಿಯುತ್ತಾ, ಎಲೆಯನ್ನು ಗೋಡೆಯ ಬುಡಕ್ಕೆ ಎಳೆದುಕೊಂಡರು.

ರತ್ನ ಸಾರಿನ ಪಾತ್ರೆ ಕೆಳಗಿಟ್ಟಳು.

"ಮಾವ, ನಿಮ್ ಜಾಗ ಮದ್ಯದಾಗೆ" ಅಂದಳು.

"ಇಲ್ಲೇ ಇರ್ಲಿ ತಾಯಿ. ಗಾಳಿ ಬತ್ತದೆ."

ಆ ಗೋಡೆಗೆ ಕಿಟಕಿಯೇ ಇಲ್ಲ.

ರತ್ನ ಬಗ್ಗಿ ಎಲೆಯನ್ನು ಎರಡು ಕೈಯಲ್ಲಿ ಹಿಡಿದು, ಚಿತ್ರಾನ್ನ ಚೆಲ್ಲದ ಹಾಗೆ ಮತ್ತೆ ನಡುವಿಗೆ ಸರಿಸಿದಳು. "ಬನ್ನಿ ಮಾವ. ನಿಮ್ ಕಲ್ಲು ತಾನೆ?"

ಅವರು ಬರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ಕೂತೇ ಇದ್ದರು. ಕೈಯಲ್ಲಿ ಅರ್ಧ ಹೋಳಿಗೆ. ಅವರ ಗಂಟಲು ಅವತ್ತು ಮೊದಲ ಸಲ ಸಣ್ಣಗಾಗಿತ್ತು. "ಒಟ್ಟೆ ತುಂಬ್ತು ಕಣಮ್ಮಾ" ಅಂದರು.

ನಾವು ಮನೆ ತುಂಬ ಜನ ಬಳಸು ದಾರಿಯಲ್ಲಿ ಇಷ್ಟು ದಿನ ಕಳೆದಿದ್ದೆವು. ರತ್ನ ನೆಟ್ಟಗೆ ಹೊರಗೆ ಬಂದಳು. ಅವಳಿಗೆ ಅಷ್ಟು ದೊಡ್ಡ ಧ್ವನಿ ಇದೆ ಎಂದು ನನಗೆ ಗೊತ್ತಿರಲಿಲ್ಲ.

"ಎಲ್ಲಾ ಕೆಳೀಕಿಳೀರಿ! ಈವಾಗ್ಲೇ!"

"ಯಾಕೇ? ಏನಾಯ್ತೇ?" ಅತ್ತೆ ಅಡುಗೆಮನೆಯಿಂದ ಓಡಿಬಂದರು.

"ಕಲ್ ಕೊಟ್ಟೋರೇ ಅದರ್ ಕೆಳಗೆ ಕುಂತ್ಕಳಾಕೆ ಒಪ್ತಿಲ್ಲ ಕಣಮ್ಮಾ. ನಾವ್ಯಾಕೆ ಮ್ಯಾಲೆ ನಿಂತ್ಕಬೇಕು?"

ನನ್ನ ಮಾತಿಗೆ ನಕ್ಕಿದ್ದ ನೆಂಟರು ಈ ಮಾತಿಗೆ ಇಳಿದರು. ನನ್ನ ಮಿಷನ್ನು, ಮುಳ್ಳು, ಸೂತ್ರ ಯಾವುದೂ ಅವರಿಗೆ ಅರ್ಥವಾಗಿರಲಿಲ್ಲ. ಗೋಡೆಗೆ ಎಳೆದುಕೊಂಡ ಎಲೆ ಎಲ್ಲರಿಗೂ ಅರ್ಥವಾಯಿತು. ಏಣಿಗೆ ನೂಕುನುಗ್ಗಲು. ಸೀನ ಏಣಿಯ ತಲೆಯಲ್ಲಿ ನಿಂತು ಮುದುಕಿಯರನ್ನೂ ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಕೈ ಹಿಡಿದು ಇಳಿಸಿದ, ತಾನು ಕೊನೆಗೆ ಇಳಿದ.

ಇಳಿದವನು ಸೀದಾ ಕೋಣೆಯೊಳಗೆ ಬಂದ. ತಲೆಯೆತ್ತಿ ಕಲ್ಲು ನೋಡಿದ. ನಡುವೆ ಇದ್ದ ಎಲೆ ನೋಡಿದ. ಗೋಡೆಗೆ ಒರಗಿ ಕೂತಿದ್ದ ಅಪ್ಪನನ್ನು ನೋಡಿದ.

"ನಿನ್ಗೆ ಗೊತ್ತಿತ್ತಾ?" ಅಂದ.

ಅವರು ಕೈ ತೊಳೆಯಬೇಕು ಎಂದು ಎದ್ದು ಹೊರಗೆ ಹೋದರು. ಸೀನ ಬಗ್ಗಿ ಅಪ್ಪನ ಎಂಜಲೆಲೆಯನ್ನು ತಾನೇ ಎತ್ತಿ ತಿಪ್ಪೆಗೆ ಹಾಕಿ ಬಂದ. ನಮ್ಮ ಕಡೆ ಗಂಡಸರು ತಾವು ಉಂಡ ಎಲೆಯನ್ನೂ ಎತ್ತುವವರಲ್ಲ. ನೆಂಟರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದರು.

ಮೇಸ್ತ್ರಿ ಒಳಗೆ ಹೋಗಿ, ನಡುವಿನ ಚಪ್ಪಡಿಯ ಹೊಟ್ಟೆಯ ಮೇಲೆ ಉಗುರು ಎಳೆದು ನೋಡಿ ಬಂದ. ಎಳೆ ಬಾಯಿ ಬಿಟ್ಟಿದೆಯೋ ಇಲ್ಲವೋ ಹೇಳಲಿಲ್ಲ. "ನಾಳೆ ಇಳಿಸ್ತೀನಿ" ಅಂದ. ಊಟ ಚಪ್ಪರದಲ್ಲಿ ಆಯಿತು. ತಾಂಬೂಲದ ತಟ್ಟೆಯನ್ನು ಯಾರೂ ಮುಟ್ಟಲಿಲ್ಲ. ಮುನಿವೆಂಕಟಪ್ಪನವರು ಬಿಸಿಲಲ್ಲೇ ಬಸ್ ಸ್ಟಾಪಿಗೆ ನಡೆದರು. ಸ್ವಲ್ಪ ದೂರ ಬಿಟ್ಟು ಸೀನನೂ ನಡೆದ.

ಅವರು ಕೆಟ್ಟವರು ಎಂದು ನಾನು ಈಗಲೂ ಹೇಳಲಾರೆ. ತಂಗಿಗೆ ಕಲ್ಲು ಕೊಡುತ್ತೇನೆ ಎಂದು ಹತ್ತು ಜನರ ಎದುರು ಬಾಯಿ ಬಿಟ್ಟರು, ಬಂಡೆಯಲ್ಲಿ ಆಗ ಸಿಕ್ಕಿದ್ದು ಅದೇ ಕಲ್ಲು, ಕೊಟ್ಟ ಮಾತು ವಾಪಸ್ ತೆಗೆದುಕೊಳ್ಳಲು ಮೀಸೆ ಬಿಡಲಿಲ್ಲ. ನಮಗೆ ಬೇಡ ಅನ್ನುವುದಕ್ಕೆ ಬಾಯಿ ಬರಲಿಲ್ಲ. ಎರಡು ಕಡೆಯಿಂದಲೂ ಪ್ರೀತಿಯೇ. ಆ ಪ್ರೀತಿಯ ಕೆಳಗೆ ಕೂತು ನಾವೆಲ್ಲ ಸಾಯುತ್ತಿದ್ದೆವು ಅಷ್ಟೆ. ನಿಮ್ಮ ಮನೆಯಲ್ಲಿ ಇಂಥ ಉಡುಗೊರೆ ಒಂದೂ ಇಲ್ಲವಾ?

ಸಂಜೆ ಅತ್ತೆ ಹೊಸ್ತಿಲಲ್ಲಿ ಕೂತು ಅಳುತ್ತಿದ್ದರು. ಸುಮ್ಮನೆ ಅಲ್ಲ, ಹಾಡಿಕೊಂಡು. "ನನ್ ತವ್ರು ಓಯ್ತಲ್ಲಪ್ಪೋ, ನನ್ ಮಗಳ್ ಸಂಬಂದ ಓಯ್ತಲ್ಲಪ್ಪೋ." ಯಜಮಾನರು ಪಕ್ಕದಲ್ಲಿ ಕೂತು ಅವರಿಗೂ ಹೌದು ಹೌದು ಅನ್ನುತ್ತಿದ್ದರು.

ರತ್ನ ಮತ್ತು ನಾನು ಪಾತ್ರೆ ತೊಳೆಯುತ್ತಿದ್ದೆವು. ನನಗೆ ಅವಳ ಮುಖ ನೋಡಲು ಸಂಕಟ. ನಾನೂ ಈ ಮನೆಯಲ್ಲಿ ಇದ್ದು ಕಲಿತವಳಲ್ಲವೇ? ಸೀನನ ಬಗ್ಗೆ ಕೇಳಬೇಕು ಎಂದು ಬಾಯಿ ತೆರೆದು, "ಕ್ಯಾಸಂಬಳ್ಳಿ ಡೇರಿಗೆ ಹಾಲು ಚೆನ್ನಾಗಿ ಬರುತ್ತಂತೆ" ಅಂದೆ.

ಅವಳು ಕೈಯಲ್ಲಿದ್ದ ಬೂದಿ ಹುಣಸೆಹಣ್ಣು ಕೆಳಗಿಟ್ಟು ನನ್ನನ್ನು ನೋಡಿದಳು.

"ಅವ್ನ್ ಬಗ್ಗೆ ಕೇಳ್ತಿದೀರಾ ಅತ್ತಿಗೆ?"

"ಹೂಂ" ಅಂದೆ.

"ಅವ್ನಿಗೆ ಗೊತ್ತಿರ್ನಿಲ್ಲ. ಗೊತ್ತಿದ್ರೆ ಅದರ್ ಮ್ಯಾಲೆ ಮದ್ಯದಾಗೆ ನಿಂತ್ಕತಿದ್ನಾ?"

ಒಪ್ಪಬೇಕಾದ ಮಾತು. ನಮ್ಮ ಪ್ರಯೋಗಾಲಯದಲ್ಲಿ ಇಷ್ಟು ಚೊಕ್ಕಟವಾಗಿ ಯಾವ ಬಿಲ್ಲೆಯೂ ಒಡೆದಿಲ್ಲ. ಆದರೆ ಅವಳು ಅಲ್ಲಿಗೆ ನಿಲ್ಲಿಸಲಿಲ್ಲ.

"ಇನ್ನೊಂದ್ ನೋಡುದ್ರಾ? ಮಗ ಮ್ಯಾಲ್ ನಿಂತಿದ್ದ, ಫೋಟೋದೋನು ಕೂಗ್ತಿದ್ದುದ್ದು ಮಾವನ್ಗೂ ಕೇಳುಸ್ತು. ಇಳೀಲಾ ಅಂತ ಒಂದ್ ಕೂಗು ಆಕ್ನಿಲ್ಲ. ತನ್ ಎಲೆ ಮಾತ್ರ ಎಳ್ಕಂಡ. ಆ ಮನೇಗೆ ನಾನು ಓಗಲ್ಲ."

"ಹಾಗಾದರೆ ಮಾತು ಮುರೀತು ಅಂತ ಅತ್ತೆಗೆ ಹೇಳಲಾ?"

ನಮ್ಮ ಕಡೆ, ಆಂಧ್ರದ ಗಡಿಯ ಊರುಗಳಲ್ಲಿ, ಹೆಣ್ಣು ಗಂಡಿನ ಮನೆಗೆ ಹೋಗುವ ಬದಲು ಗಂಡೇ ಹೆಣ್ಣಿನ ಮನೆಗೆ ಬಂದು ಹೊಲ ಮನೆ ನೋಡಿಕೊಂಡು ಇರುವುದೂ ಉಂಟು. ಮನೆ ಅಳಿಯ ಅನ್ನುತ್ತಾರೆ. ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಅದನ್ನು ಕೇಳುವವರು ಹಿರಿಯರು, ಅದೂ ಮೂರು ಊರು ಸುತ್ತಿ. ಹುಡುಗಿ ಬಾಯಿಬಿಟ್ಟು ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ರತ್ನ ಕೈ ತೊಳೆದುಕೊಂಡು ಎದ್ದಳು. ಅಳುತ್ತಿದ್ದ ಅತ್ತೆಗೂ, ಹೌದು ಹೌದು ಅನ್ನುತ್ತಿದ್ದ ಅಣ್ಣನಿಗೂ ಕೇಳಿಸುವ ಹಾಗೆ ಹೇಳಿದಳು.

"ನಾಳೆ ಆ ಕಲ್ಲು ವಾಪಸ್ ಕಳ್ಸಿ. ಮಗನ್ನ ಇಟ್ಕಳಾಣ."